ಹತ್ತನೇ ಕ್ಲಾಸಿನ ಮಗಳು ಕಾಲೇಜಿಗೆ ಹೋಗಬಹುದಾ?

ಓದುಗರ ಪತ್ರ: ನಾವು ಹುಬ್ಬಳ್ಳಿಯವರು. ವಾಷಿಂಗ್ಟನ್ ರಾಜ್ಯದ ಬಾಥೆಲ್‌ಗೆ ಬಂದು ಎರಡು ವರ್ಷ ಆಯಿತು. ಮಗಳು ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ 10ನೇ ಕ್ಲಾಸು, ಮಗ 7ನೇ ಕ್ಲಾಸು. ಮುಂದಿನ ವರ್ಷದಿಂದ ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿಗೆ ಹೋಗಿ ಓದಬಹುದು, ಫೀಸೂ ಇಲ್ಲ ಅಂತ ಮಗಳು ಹೇಳುತ್ತಿದ್ದಾಳೆ. ಪಾಟ್‌ಲಕ್‌ನಲ್ಲಿ (ಎಲ್ಲರೂ ಅಡುಗೆ ತಂದು ಉಣ್ಣುವ ಕೂಟ) ಸಿಕ್ಕ ಒಬ್ಬರು 'ಅದೆಲ್ಲ ಓದಿನಲ್ಲಿ ಹಿಂದಿರುವವರಿಗೆ, ಎಪಿ ತಗೊಳ್ಳಲಿ' ಅಂದರು (ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು). ಅವಳಿಗೆ ಡಾಕ್ಟರ್ ಆಗುವ ಆಸೆ. ನಮ್ಮದು ಎಚ್-4 ವೀಸಾ (ಎಚ್-1ಬಿಯಲ್ಲಿ ಕೆಲಸಕ್ಕೆ ಬಂದವರ ಕುಟುಂಬಕ್ಕೆ ಕೊಡುವುದು). ನಮಗೆ ಇದು ಸಿಗುತ್ತಾ? ಸೇರಿಸುವುದು ಹೇಗೆ? ಮಗನಿಗೂ ಈಗಲೇ ಏನಾದರೂ ಮಾಡಬೇಕಾ?

ಸಂಪಾದಕರ ಉತ್ತರ:

ಸಿಗುತ್ತೆ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ವೀಸಾ ಅನ್ನುವ ಪದ ಬಂದ ಕೂಡಲೇ ನಮ್ಮವರು ಅರ್ಜಿ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಎಚ್-4ನಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ. ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾಳೆ, 11ನೇ ಕ್ಲಾಸಿಗೆ ಬರುತ್ತಾಳೆ, ಅರ್ಜಿ ಹಾಕುವುದಕ್ಕೆ ಅಷ್ಟು ಸಾಕು.

ನಿಮ್ಮ ಮಗಳು ಹೇಳುತ್ತಿರುವುದು ರನ್ನಿಂಗ್ ಸ್ಟಾರ್ಟ್ ಬಗ್ಗೆ. ವಾಷಿಂಗ್ಟನ್ ರಾಜ್ಯ 1990ರಲ್ಲಿ ಕಾನೂನು ಮಾಡಿ ತಂದ ಯೋಜನೆ ಇದು. ಇದಕ್ಕೂ ಮೊದಲೇ, 1985ರಲ್ಲಿ, ಮಿನೆಸೋಟಾದವರು ಇಂಥದ್ದನ್ನು ಶುರು ಮಾಡಿದ್ದರು. ಈಗ ಬೇರೆ ಬೇರೆ ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿದೆ, ನಿಯಮಗಳೂ ಬೇರೆ. ಹಾಗಾಗಿ ಟೆಕ್ಸಸ್‌ನಲ್ಲಿರುವ ನಿಮ್ಮ ನಾದಿನಿಯೋ ಕಸಿನ್ನೋ ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ.

ಇಲ್ಲಿ 11 ಮತ್ತು 12ನೇ ಕ್ಲಾಸಿನ ಮಕ್ಕಳು ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಹೋಗಿ, ಅಲ್ಲಿನ ಮಾಮೂಲಿ ಕ್ಲಾಸಿನಲ್ಲಿ, ಮಾಮೂಲಿ ವಿದ್ಯಾರ್ಥಿಗಳ ಜೊತೆಗೇ ಕೂತು ಓದುತ್ತಾರೆ. ಮಕ್ಕಳಿಗೆ ಅಂತ ಬೇರೆ ಸೆಕ್ಷನ್ ಇರುವುದಿಲ್ಲ. ಪಕ್ಕದಲ್ಲಿ ಕೂತವರು ನರ್ಸಿಂಗ್ ಓದಬೇಕೆಂದು ಮೂವತ್ತೈದಕ್ಕೆ ವಾಪಸ್ ಬಂದವರಿರಬಹುದು, ಸೈನ್ಯ ಬಿಟ್ಟು ಬಂದವರಿರಬಹುದು. ಪಾಸಾದರೆ ಎರಡು ಕಡೆ ಲೆಕ್ಕ: ಹೈಸ್ಕೂಲಿಗೂ ಕ್ರೆಡಿಟ್, ಕಾಲೇಜಿಗೂ ಕ್ರೆಡಿಟ್. ಕಾಲೇಜಿನ 5 ಕ್ರೆಡಿಟ್‌ನ ಒಂದು ಕೋರ್ಸು ಹೈಸ್ಕೂಲಿನ 1 ಕ್ರೆಡಿಟ್‌ಗೆ ಸಮ. ಅಂದರೆ ಹೈಸ್ಕೂಲಿನಲ್ಲಿ ಇಡೀ ವರ್ಷ ಓದುವ ಇಂಗ್ಲಿಷನ್ನು ಕಾಲೇಜಿನಲ್ಲಿ ಒಂದೇ ಕ್ವಾರ್ಟರ್‌ನಲ್ಲಿ, ಹತ್ತು ಹನ್ನೊಂದು ವಾರದಲ್ಲಿ, ಮುಗಿಸುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಆ ಹತ್ತು ವಾರ ಹೇಗಿರುತ್ತೆ ಅಂತಲೂ ಯೋಚನೆ ಮಾಡಿ. ಮೂರನೇ ವಾರಕ್ಕೆ ಮೊದಲ ಪೇಪರ್ ಕೊಡಬೇಕಾಗಿ ಬರಬಹುದು. ಒಂದು ವಾರ ಜ್ವರ ಬಂದು ಮಲಗಿದರೆ ಕೋರ್ಸಿನ ಹತ್ತನೇ ಒಂದು ಭಾಗ ಹೋಯಿತು.

ಈಗ ಸೇರುವ ದಾರಿ. ಜನವರಿಯಿಂದ ಮಾರ್ಚ್ ಒಳಗೆ ಹೈಸ್ಕೂಲುಗಳೂ ಕಾಲೇಜುಗಳೂ ಮಾಹಿತಿ ಸಭೆ ನಡೆಸುತ್ತವೆ. ಒಂದಕ್ಕಾದರೂ ಹೋಗಿ, ಮಗಳನ್ನೂ ಕರೆದುಕೊಂಡೇ ಹೋಗಿ. ಆಮೇಲೆ ಅವಳು ಕಾಲೇಜಿಗೆ ಅರ್ಜಿ ಹಾಕಬೇಕು. ನಿಮಗೆ ಹತ್ತಿರ ಇರುವುದು ಕ್ಯಾಸ್ಕೇಡಿಯಾ ಕಾಲೇಜು. ಬಾಥೆಲ್‌ನಲ್ಲಿ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಜೊತೆ ಒಂದೇ ಕ್ಯಾಂಪಸ್ ಹಂಚಿಕೊಂಡಿದೆ. (ಚಳಿಗಾಲದ ಸಂಜೆ ಅಲ್ಲಿ ಸಾವಿರಾರು ಕಾಗೆ ಸೇರುತ್ತವೆ. ಕಾಲೇಜಿನ ವಿಷಯ ಏನಾದರೂ ಆಗಲಿ, ಅದನ್ನು ಒಮ್ಮೆ ನೋಡಿ ಬನ್ನಿ.) ಹತ್ತಿರದ್ದೇ ಆಗಬೇಕೆಂದೂ ಇಲ್ಲ, ಬೆಲ್‌ವ್ಯೂ, ಎಡ್ಮಂಡ್ಸ್, ಎವರೆಟ್ ಕಾಲೇಜುಗಳಲ್ಲೂ ಇದೆ.

ಅರ್ಜಿ ಆದ ಮೇಲೆ ಪ್ಲೇಸ್‌ಮೆಂಟ್. ಕಾಲೇಜಿನ ಮೊದಲ ಇಂಗ್ಲಿಷ್ ಕೋರ್ಸಾದ ಇಂಗ್ಲಿಷ್ 101 ಓದುವ ಮಟ್ಟಕ್ಕೆ ಅವಳು ಬಂದಿದ್ದಾಳಾ ಅಂತ ಕಾಲೇಜು ನೋಡುತ್ತೆ. ಹೈಸ್ಕೂಲಿನ ಗ್ರೇಡ್ ನೋಡಿ ಹೇಳುವವರಿದ್ದಾರೆ, ರಾಜ್ಯದ ಪರೀಕ್ಷೆಯ ಅಂಕ ನೋಡುವವರಿದ್ದಾರೆ, ತಾವೇ ಒಂದು ಟೆಸ್ಟ್ ಕೊಡುವವರೂ ಇದ್ದಾರೆ. ಎರಡೇ ವರ್ಷದ ಹಿಂದೆ ಬಂದವಳಾದ್ದರಿಂದ ಹಳೇ ಅಂಕಗಳು ಇಲ್ಲಿ ಇರುವುದಿಲ್ಲ, ಆ ಬಗ್ಗೆ ಮೊದಲೇ ಕೇಳಿಡಿ. ಗಣಿತಕ್ಕೂ ಬೇರೆ ಪ್ಲೇಸ್‌ಮೆಂಟ್ ಇದೆ, ಮತ್ತು ಎಷ್ಟೋ ಜನ ಎಡವುವುದು ಇಲ್ಲೇ. ನಂಬರ್ 100ಕ್ಕಿಂತ ಕಡಿಮೆ ಇರುವ ಕೋರ್ಸುಗಳಿಗೆ ರನ್ನಿಂಗ್ ಸ್ಟಾರ್ಟ್ ದುಡ್ಡು ಕೊಡುವುದಿಲ್ಲ. ಗಣಿತದಲ್ಲಿ ಕೆಳಗಿನ ಮಟ್ಟಕ್ಕೆ ಹಾಕಿದರೆ ಆ ಕೋರ್ಸನ್ನು ನೀವು ಕೈಯಿಂದ ಕಟ್ಟಿ ಓದಿಸಬೇಕು. ಅದರ ಬದಲು ಆ ವರ್ಷದ ಗಣಿತವನ್ನು ಹೈಸ್ಕೂಲಿನಲ್ಲೇ ಮುಗಿಸಲಿ.

ಇನ್ನು ಒಂದು ಫಾರಂ. ಎನ್‌ರೋಲ್‌ಮೆಂಟ್ ವೆರಿಫಿಕೇಶನ್ ಫಾರಂ ಅಂತ, ಎಲ್ಲರೂ ಇವಿಎಫ್ ಅನ್ನುತ್ತಾರೆ. ಇಡೀ ವ್ಯವಹಾರ ನಿಂತಿರುವುದು ಇದರ ಮೇಲೆ. ಹೈಸ್ಕೂಲಿನ ಕೌನ್ಸಿಲರ್ (ಓದಿನ ಸಲಹೆಗಾರರು) ತುಂಬಬೇಕು, ಮಗಳೂ ನೀವೂ ಸಹಿ ಹಾಕಬೇಕು. ಹೈಸ್ಕೂಲಿನಲ್ಲಿ ಎಷ್ಟು ಕ್ಲಾಸು ಇಟ್ಟುಕೊಂಡಿದ್ದಾಳೆ, ಅದರ ಮೇಲೆ ಕಾಲೇಜಿನಲ್ಲಿ ಎಷ್ಟು ಕ್ರೆಡಿಟ್ ಪುಕ್ಕಟೆ ಸಿಗುತ್ತೆ ಅನ್ನುವ ಲೆಕ್ಕ ಅದರಲ್ಲಿರುತ್ತೆ. ಕಾಲೇಜಿನ 15 ಕ್ರೆಡಿಟ್ ಅಂದರೆ ಪೂರ್ತಿ ಒಂದು ಪಾಲು. ಹೈಸ್ಕೂಲಿನ ಪೂರ್ತಿ ದಿನವೂ ಒಂದು ಪಾಲು. ಎರಡೂ ಸೇರಿ 1.4 ದಾಟುವ ಹಾಗಿಲ್ಲ. 2023ಕ್ಕೆ ಮೊದಲು ಇದು 1.2 ಇತ್ತು, ಈಗ ಸಡಿಲ ಮಾಡಿದ್ದಾರೆ. ಅಂದರೆ ಅರ್ಧ ದಿನ ಹೈಸ್ಕೂಲಿನಲ್ಲಿ ಇದ್ದು ಕಾಲೇಜಿನಲ್ಲಿ ಎರಡು ಕೋರ್ಸು, 10 ಕ್ರೆಡಿಟ್, ಆರಾಮಾಗಿ ತಗೊಳ್ಳಬಹುದು. ಮಿತಿ ದಾಟಿದ ಪ್ರತಿ ಕ್ರೆಡಿಟ್‌ಗೂ ಬಿಲ್ ಮನೆಗೆ ಬರುತ್ತೆ. ಇವಿಎಫ್ ಒಂದು ಸಲ ಕೊಟ್ಟರೆ ಮುಗಿಯಲಿಲ್ಲ, ಪ್ರತಿ ಕ್ವಾರ್ಟರ್‌ಗೂ ಹೊಸದು ಬೇಕು. ಕೌನ್ಸಿಲರ್‌ಗಳು ಜೂನ್ ಮುಗಿದ ಮೇಲೆ ರಜೆಗೆ ಹೋಗಿಬಿಡುತ್ತಾರೆ. ಆಗಸ್ಟ್‌ನಲ್ಲಿ ಫಾರಂ ಹಿಡಿದುಕೊಂಡು ಬೀಗ ಹಾಕಿದ ಆಫೀಸಿನ ಮುಂದೆ ನಿಲ್ಲಬೇಡಿ. ಶಾಲೆ ಮುಚ್ಚುವ ಮುಂಚೆಯೇ ಸಹಿ ಹಾಕಿಸಿಕೊಳ್ಳಿ.

ಕೌನ್ಸಿಲರ್ ಹತ್ತಿರ ಕೂತಾಗ ಇನ್ನೊಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ: ಹೈಸ್ಕೂಲ್ ಡಿಪ್ಲೊಮಾಗೆ ಅವಳಿಗೆ ಇನ್ನೂ ಏನೇನು ಬಾಕಿ ಇದೆ? ಇಲ್ಲಿ 24 ಕ್ರೆಡಿಟ್ ಬೇಕು. ಅದರಲ್ಲಿ ಅಮೆರಿಕದ ಇತಿಹಾಸ, ನಾಗರಿಕ ಶಾಸ್ತ್ರ, ಆರೋಗ್ಯ, ವ್ಯಾಯಾಮ ಎಲ್ಲ ಇರುತ್ತವೆ. ವಾಷಿಂಗ್ಟನ್ ರಾಜ್ಯದ ಇತಿಹಾಸವೂ ಬೇಕು. ಇಲ್ಲಿನ ಮಕ್ಕಳು ಅದನ್ನು ಸಾಮಾನ್ಯವಾಗಿ ಮಿಡ್ಲ್ ಸ್ಕೂಲಿನಲ್ಲೇ ಓದಿ ಮುಗಿಸಿರುತ್ತಾರೆ, ನಿಮ್ಮ ಮಗಳು ಆಗ ಹುಬ್ಬಳ್ಳಿಯಲ್ಲಿ ಕಿತ್ತೂರು ಚೆನ್ನಮ್ಮನ ಪಾಠ ಓದುತ್ತಿದ್ದಳು! ಅವಳ ವಿಷಯದಲ್ಲಿ ಏನು ಮಾಡುತ್ತಾರೆ ಅಂತ ಕೇಳಿ. ಬೇಕೇ ಬೇಕು ಅಂದರೆ ಕಾಲೇಜಿನ ಪೆಸಿಫಿಕ್ ನಾರ್ತ್‌ವೆಸ್ಟ್ ಇತಿಹಾಸದ ಕೋರ್ಸಿನಲ್ಲಿ ಎರಡೂ ಕೆಲಸ ಒಟ್ಟಿಗೆ ಆಗಬಹುದು.

ಫೀಸಿಲ್ಲ ಅನ್ನುವುದು ಮುಕ್ಕಾಲು ನಿಜ. ಟ್ಯೂಷನ್, ಅಂದರೆ ಪಾಠದ ಫೀಸು, ಇಲ್ಲ. ಪುಸ್ತಕ, ಲ್ಯಾಬ್ ಫೀಸು, ಕಾಲೇಜಿನ ಸಣ್ಣಪುಟ್ಟ ಫೀಸು ನಿಮ್ಮದೇ. ಒಂದು ಪುಸ್ತಕಕ್ಕೆ 100 ಡಾಲರ್ ದಾಟುವುದೂ ಉಂಟು, ಆದರೆ ಪುಸ್ತಕದ ಖರ್ಚು ಕಡಿಮೆ ಇರುವ ಸೆಕ್ಷನ್‌ಗಳನ್ನು ಕಾಲೇಜುಗಳು ಪಟ್ಟಿಯಲ್ಲೇ ಗುರುತು ಹಾಕಿರುತ್ತವೆ. ಅದನ್ನು ನೋಡಿ ಆರಿಸಲಿ. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ಈ ಖರ್ಚಿಗೂ ರಿಯಾಯಿತಿ ಇದೆ. ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. 18 ವರ್ಷದವರೆಗೆ ಇಲ್ಲಿನ ಬಸ್ಸುಗಳೆಲ್ಲ 2022ರಿಂದ ಪುಕ್ಕಟೆ. ಬೆಳಿಗ್ಗೆ ಹೈಸ್ಕೂಲು, ಮಧ್ಯಾಹ್ನ ಕಾಲೇಜು ಅಂತ ಓಡಾಡಿಸುವವರು ಯಾರು ಅನ್ನುವ ಜಗಳ ಇದರಿಂದ ಅರ್ಧ ಮುಗಿಯುತ್ತೆ.

ಈಗ ಪಾಟ್‌ಲಕ್‌ನವರ ಮಾತು. ಹಿಂದಿರುವವರಿಗೆ ಅನ್ನುವುದು ಸುಮ್ನೆ ಬಾಯಿಗೆ ಬಂದ ಮಾತು. ಇಂಗ್ಲಿಷ್ 101ರ ಪಕ್ಕದಲ್ಲಿ & ಅನ್ನುವ ಗುರುತು ಇರುತ್ತೆ, ನೋಡಿ. ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲಿ ಆ ಕೋರ್ಸು ಒಂದೇ ಅಂತ ಅದರ ಅರ್ಥ, ವಾಷಿಂಗ್ಟನ್‌ನ ಸರ್ಕಾರಿ ಯೂನಿವರ್ಸಿಟಿಗಳಿಗೆ ಅದು ಪರಿಚಿತ ಸರಕು. ಎಪಿ ಕೆಟ್ಟದ್ದು ಅಂತಲ್ಲ. ಎಪಿಯಲ್ಲಿ ವರ್ಷವಿಡೀ ಓದಿ ಮೇ ತಿಂಗಳಲ್ಲಿ ಒಂದು ಪರೀಕ್ಷೆ, 5ಕ್ಕೆ 3 ಬಂದರೆ ಈ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳು ಕ್ರೆಡಿಟ್ ಕೊಡುತ್ತವೆ. ಆ ದಿನ ಕೈಕೊಟ್ಟರೆ ಕ್ರೆಡಿಟ್ ಇಲ್ಲ, ಆದರೆ ಕಳಂಕವೂ ಇಲ್ಲ. ರನ್ನಿಂಗ್ ಸ್ಟಾರ್ಟ್‌ನಲ್ಲಿ ಉಲ್ಟಾ. ಒಂದೇ ಪರೀಕ್ಷೆಯ ಮೇಲೆ ಎಲ್ಲ ನಿಂತಿಲ್ಲ, ಆದರೆ ಬಂದ ಗ್ರೇಡು ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತ.

ಡಾಕ್ಟರ್ ಆಗುವ ಆಸೆ ಇರುವವರು ಈ ಕೊನೆಯ ಪದವನ್ನು ಎರಡು ಸಲ ಓದಬೇಕು. ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಎಂಬಿಬಿಎಸ್ ಸೇರುವ ದಾರಿ ಇಲ್ಲ. ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ಮೆಡಿಕಲ್ ಸ್ಕೂಲು. ಅದಕ್ಕೆ ಅರ್ಜಿ ಹಾಕುವಾಗ ಓದಿದ ಪ್ರತಿಯೊಂದು ಕಾಲೇಜ್ ಕೋರ್ಸಿನ ಗ್ರೇಡೂ ತೋರಿಸಬೇಕು, 16ನೇ ವಯಸ್ಸಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ಓದಿದ್ದೂ ಸೇರಿ. ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಅದೂ ಬರುತ್ತೆ. ಕೆಲವು ಮೆಡಿಕಲ್ ಸ್ಕೂಲುಗಳಿಗೆ ಬಯಾಲಜಿ, ಕೆಮಿಸ್ಟ್ರಿಯನ್ನು ನಾಲ್ಕು ವರ್ಷದ ಯೂನಿವರ್ಸಿಟಿಯಲ್ಲೇ ಓದಿದ್ದರೆ ಇಷ್ಟ. ಹಾಗಾಗಿ ನನ್ನನ್ನು ಕೇಳಿದರೆ ಮಗಳು ಕೆಮಿಸ್ಟ್ರಿ, ಬಯಾಲಜಿಯನ್ನು ಸದ್ಯಕ್ಕೆ ಹೈಸ್ಕೂಲಿನಲ್ಲೇ, ಬೇಕಾದರೆ ಎಪಿಯಾಗಿ, ಓದಲಿ. ಕಾಲೇಜಿನಲ್ಲಿ ಮೊದಲ ಕ್ವಾರ್ಟರ್ ಇಂಗ್ಲಿಷ್ 101 ಮತ್ತು ಸೈಕಾಲಜಿಯಂಥ ಇನ್ನೊಂದು ಕೋರ್ಸು, ಎರಡೇ. ಅದು ಹೇಗೆ ಹೋಗುತ್ತೆ ನೋಡಿಕೊಂಡು ಮುಂದಿನದು. (ಬಹಳಷ್ಟು ಮೆಡಿಕಲ್ ಸ್ಕೂಲುಗಳು ಗ್ರೀನ್ ಕಾರ್ಡ್ ಇಲ್ಲದವರನ್ನು ತಗೊಳ್ಳುವುದಿಲ್ಲ, ಎಚ್-4 ಕೂಡ 21ಕ್ಕೆ ಮುಗಿಯುತ್ತೆ. ಅದು ಇನ್ನೊಂದು ಪತ್ರಕ್ಕಾಗುವಷ್ಟು ವಿಷಯ, ಆದರೆ ತಲೆಯಲ್ಲಿರಲಿ.)

'ಎರಡು ವರ್ಷ ಪೂರ್ತಿ ಕಾಲೇಜಿಗೇ ಹೋಗಿ 90 ಕ್ರೆಡಿಟ್ ಮುಗಿಸಿ ಅಸೋಸಿಯೇಟ್ ಡಿಗ್ರಿ (ಎರಡು ವರ್ಷದ ಡಿಗ್ರಿ) ತಗೊಂಡರೆ ದುಡ್ಡು ಉಳಿಯಿತಲ್ಲ' ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ತಪ್ಪಲ್ಲ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ ರಾಜ್ಯದವರಿಗೇ ವರ್ಷದ ಟ್ಯೂಷನ್ 12 ಸಾವಿರ ಡಾಲರ್ ದಾಟಿದೆ. ಆದರೆ 90 ಕ್ರೆಡಿಟ್ ಇದ್ದರೂ ಅಲ್ಲಿಗೆ ಅರ್ಜಿ ಹಾಕುವುದು ಹೊಸಬಳಾಗಿಯೇ, ಉಳಿದ ಹೈಸ್ಕೂಲ್ ಮಕ್ಕಳ ಸಾಲಿನಲ್ಲೇ. ಹೊರರಾಜ್ಯದ, ಖಾಸಗಿ ಕಾಲೇಜುಗಳಂತೂ ತಮಗೆ ಬೇಕಾದ ಕ್ರೆಡಿಟ್ ಮಾತ್ರ ತಗೊಳ್ಳುತ್ತವೆ. ಹೈಸ್ಕೂಲ್ ಡಿಪ್ಲೊಮಾಗೆ ಬಳಸಿದ ಕೋರ್ಸು ನಮಗೆ ಬೇಡ ಅನ್ನುವವರೂ ಇದ್ದಾರೆ. ಯಾವ ಕಡೆ ಹೋಗುವ ಯೋಚನೆ ಇದೆಯೋ ಆ ಯೂನಿವರ್ಸಿಟಿಯ ನಿಯಮ ನೋಡದೆ ಕ್ರೆಡಿಟ್ ಗುಡ್ಡೆ ಹಾಕುವುದರಲ್ಲಿ ಅರ್ಥವಿಲ್ಲ.

ಕಾಲೇಜಿಗೆ ಹೋಗುವುದೇ ಬೇಡ ಅನ್ನಿಸಿದರೆ ಕಾಲೇಜ್ ಇನ್ ದ ಹೈಸ್ಕೂಲ್ ಅಂತ ಇನ್ನೊಂದಿದೆ. ತನ್ನ ಶಾಲೆಯಲ್ಲೇ, ತನ್ನ ಟೀಚರ್ ಹತ್ತಿರವೇ ಯೂನಿವರ್ಸಿಟಿಯ ಕೋರ್ಸು. 2023ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ಇದೂ ಪುಕ್ಕಟೆ. ಕ್ಲಾಸಿನಲ್ಲಿ ಕೂತರೆ ಸಾಲದು, ಯೂನಿವರ್ಸಿಟಿಯಲ್ಲಿ ಬೇರೆ ನೋಂದಣಿ ಮಾಡಿಸಬೇಕು. ಅದನ್ನು ಮರೆತು ವರ್ಷ ಪೂರ್ತಿ ಓದಿಯೂ ಕ್ರೆಡಿಟ್ ಕಳೆದುಕೊಳ್ಳುವ ಮಕ್ಕಳಿದ್ದಾರೆ.

ಈಗ ನಿಮಗೆ ಬೇಸರವಾಗುವ ಮಾತು. 'ಸೇರಿಸುವುದು ಹೇಗೆ' ಅಂತ ಕೇಳಿದ್ದೀರಿ. ಇಲ್ಲಿ ಸೇರಿಸುವುದು ಅಂತಿಲ್ಲ, ಅವಳೇ ಸೇರಬೇಕು. ಹದಿನಾರಕ್ಕೆ ಕಾಲೇಜು ಅಂದರೆ ನಮಗೆ ಹೊಸದೇನಲ್ಲ, ನಾವೆಲ್ಲ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಹೋದವರೇ. ಆದರೆ ಪಿಯು ಕಾಲೇಜಿನಲ್ಲಿ ಹಾಜರಿ ಕಡಿಮೆಯಾದರೆ ಮನೆಗೆ ಸುದ್ದಿ ಬರುತ್ತಿತ್ತು, ಅಪ್ಪ ಬಂದು ಪ್ರಿನ್ಸಿಪಾಲರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಇಲ್ಲಿ ಫರ್ಪಾ ಅನ್ನುವ 1974ರ ಫೆಡರಲ್ ಕಾನೂನಿದೆ. ಕಾಲೇಜಿಗೆ ಕಾಲಿಟ್ಟ ದಿನದಿಂದ ಅವಳ ದಾಖಲೆಗಳ ಹಕ್ಕು ಅವಳದು, 18 ತುಂಬಿರಲಿ ಬಿಡಲಿ. ನೀವು ಫೋನ್ ಮಾಡಿ 'ನನ್ನ ಮಗಳಿಗೆ ಎಷ್ಟು ಬಂತು' ಅಂದರೆ, ಅವಳು ಬರೆದುಕೊಟ್ಟ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಏನೂ ಹೇಳುವುದಿಲ್ಲ. ಪ್ರೊಫೆಸರ್‌ಗೆ ನೀವು ಇಮೇಲ್ ಬರೆದರೆ ಅವಳಿಗೇ ಮುಜುಗರ. ಅರ್ಜಿ ತುಂಬುವುದು, ಕೋರ್ಸಿಗೆ ರಿಜಿಸ್ಟರ್ ಆಗುವುದು, ಕಷ್ಟವಾದರೆ ಪ್ರೊಫೆಸರರ ಆಫೀಸ್ ಅವರ್ಸ್‌ಗೆ ಹೋಗಿ ಕೇಳುವುದು, ಕೋರ್ಸು ಬಿಡುವುದಿದ್ದರೆ ಕೊನೆಯ ದಿನಾಂಕದೊಳಗೆ ಬಿಟ್ಟು ಹೈಸ್ಕೂಲಿಗೂ ತಿಳಿಸುವುದು, ಎಲ್ಲ ಅವಳೇ. ಈಗಲೇ ಪರೀಕ್ಷೆ ಮಾಡಿ ನೋಡಿ: ಕೌನ್ಸಿಲರ್ ಅಪಾಯಿಂಟ್‌ಮೆಂಟ್ ಅವಳೇ ತಗೊಳ್ಳಲಿ. ತಿಂಗಳಾದರೂ ತಗೊಳ್ಳದಿದ್ದರೆ 11ನೇ ಕ್ಲಾಸಿನ ಮೊದಲ ಕ್ವಾರ್ಟರ್ ಬೇಡ, ಜನವರಿಯದಕ್ಕೆ ನೋಡಿ. ಅವಸರ ಏನಿಲ್ಲ.

ಜನವರಿ ಅಂದಾಗ ನೆನಪಾಯಿತು. ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಸಂಕ್ರಾಂತಿ ಮುಗಿಸಿಕೊಂಡು ಬರುವ ಅಭ್ಯಾಸ ಇದ್ದರೆ ಅದನ್ನು ಎರಡು ವರ್ಷ ಮರೆತುಬಿಡಿ. ಚಳಿಗಾಲದ ಕ್ವಾರ್ಟರ್ ಜನವರಿ ಮೊದಲಲ್ಲೇ ಶುರು, ಮೊದಲ ದಿನಗಳಲ್ಲಿ ಬಾರದವರನ್ನು ಕ್ಲಾಸಿನಿಂದ ತೆಗೆಯುವುದೂ ಉಂಟು. ಹೈಸ್ಕೂಲಿನ ಸ್ಪ್ರಿಂಗ್ ಬ್ರೇಕೂ ಕಾಲೇಜಿನ ಬ್ರೇಕೂ ಸಾಮಾನ್ಯವಾಗಿ ಹೊಂದುವುದಿಲ್ಲ. ಎರಡು ಕ್ಯಾಲೆಂಡರ್ ಫ್ರಿಜ್ ಮೇಲೆ ಅಂಟಿಸಿ, ಆಮೇಲೆ ಟಿಕೆಟ್ ಬುಕ್ ಮಾಡಿ.

ಇನ್ನು ಮಗ. ಏಳನೇ ಕ್ಲಾಸಲ್ವಾ? ರನ್ನಿಂಗ್ ಸ್ಟಾರ್ಟ್ 11ರಿಂದ. ಗಣಿತ ಚೆನ್ನಾಗಿದ್ದರೆ ಎಂಟರಲ್ಲಿ ಆಲ್ಜಿಬ್ರಾ ತಗೊಳ್ಳಬಹುದಾ ಅಂತ ಶಾಲೆಯಲ್ಲಿ ಒಂದು ಮಾತು ಕೇಳಿ. ಅದನ್ನು ಬಿಟ್ಟರೆ ಅವನನ್ನು ಆಡಿಕೊಂಡಿರಲು ಬಿಡಿ.