ಕೆವಿನ್ ಮನೆ ಬಾಗಿಲು ತಟ್ಟಬಹುದಾ?

ಹೊರಡುವ ಮುಂಚೆ: ಓದುಗರ ಪ್ರವಾಸದ ಪ್ರಶ್ನೆಗಳು

ಪ್ರಶ್ನೆ: ಡಿಸೆಂಬರಿನಲ್ಲಿ ನಾನು, ನಮ್ಮ ಯಜಮಾನರು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಮೊಮ್ಮಗನಿಗೆ ‘ಹೋಮ್ ಅಲೋನ್’ ಸಿನಿಮಾ ಬಾಯಿಪಾಠ. ‘ಅಜ್ಜಿ, ನೀವು ಬಂದ್ಮೇಲೆ ಕೆವಿನ್ ಮನೆಗೆ ಹೋಗೋಣ’ ಎಂದು ಫೋನಿನಲ್ಲಿ ದಿನಾ ಒಂದೇ ಹಠ. ಒಳಗೆ ಬಿಡುತ್ತಾರಾ? ಟಿಕೆಟ್ ಎಷ್ಟು? ನನಗೆ ಮಂಡಿ ನೋವು ಬೇರೆ.
– ಎಸ್.ಕೆ., ಮೈಸೂರು

ಉತ್ತರ: ಟಿಕೆಟ್ ಇಲ್ಲ ಎಸ್.ಕೆ. ಅವರೇ, ಒಳಗೂ ಬಿಡುವುದಿಲ್ಲ. ಅದು ಮ್ಯೂಸಿಯಂ ಅಲ್ಲ, ಯಾರೋ ಸಂಸಾರ ಮಾಡಿಕೊಂಡಿರುವ ಮನೆ. ಬೆಲ್ ಒತ್ತುವುದು, ಹುಲ್ಲಿನ ಮೇಲೆ ಕಾಲಿಡುವುದು, ಕಿಟಕಿಯಲ್ಲಿ ಇಣುಕುವುದು ಯಾವುದೂ ಬೇಡ. ರಸ್ತೆ ಪಕ್ಕದ ಫುಟ್‌ಪಾತಿನಲ್ಲಿ ನಿಂತು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮೊಮ್ಮಗನಿಗೆ ಇದನ್ನು ಈಗಲೇ ಫೋನಿನಲ್ಲಿ ಹೇಳಿಬಿಡಿ. ಅಲ್ಲಿ ಹೋದ ಮೇಲೆ ಹೇಳಿದರೆ ಅಳು ಗ್ಯಾರಂಟಿ.

ಸಿನಿಮಾ ನೋಡದವರಿಗೆ ಎರಡೇ ಮಾತು. 1990ರ ಚಿತ್ರ. ಕ್ರಿಸ್‌ಮಸ್ ರಜೆಗೆ ಪ್ಯಾರಿಸ್‌ಗೆ ಹೊರಟ ದೊಡ್ಡ ಕುಟುಂಬವೊಂದು ಗಡಿಬಿಡಿಯಲ್ಲಿ ಎಂಟು ವರ್ಷದ ಕೆವಿನ್‌ನನ್ನು ಮನೆಯಲ್ಲೇ ಬಿಟ್ಟು ವಿಮಾನ ಹತ್ತುತ್ತದೆ. ಮನೆಗೆ ಕನ್ನ ಹಾಕಲು ಬಂದ ಇಬ್ಬರು ಕಳ್ಳರಿಗೆ ಆ ಹುಡುಗ ಒಬ್ಬನೇ ನೀರು ಕುಡಿಸುತ್ತಾನೆ. ಜಾನ್ ಹ್ಯೂಸ್ ಕಥೆ, ಕ್ರಿಸ್ ಕೊಲಂಬಸ್ ನಿರ್ದೇಶನ.

ಶಿಕಾಗೋದ ಪಶ್ಚಿಮದ ಊರೊಂದರಲ್ಲಿ ಬಹಳ ವರ್ಷ ಇದ್ದವಳು ನಾನು. ಊರಿಂದ ಬಂದ ನೆಂಟರನ್ನೆಲ್ಲ ಆ ಮನೆ ಮುಂದೆ ನಿಲ್ಲಿಸಿ ಫೋಟೋ ಹೊಡೆದಿದ್ದೇನೆ. ಮನೆ ಇರುವುದು ಶಿಕಾಗೋಗೆ ಉತ್ತರದಲ್ಲಿ, ಮಿಶಿಗನ್ ಸರೋವರದ ದಡದ ವಿನೆಟ್ಕಾ ಎಂಬ ಊರಿನಲ್ಲಿ, ಲಿಂಕನ್ ಅವೆನ್ಯೂ ಮೇಲೆ. ನಂಬರು ನಾನು ಬರೆಯುವುದಿಲ್ಲ. ಗೂಗಲ್ ಮ್ಯಾಪಿಗೆ ಗೊತ್ತು, ನಿಮ್ಮ ಮೊಮ್ಮಗನಿಗೂ ಗೊತ್ತಿರುತ್ತದೆ. ಕೆಂಪು ಇಟ್ಟಿಗೆಯ ಗೋಡೆ, ಸಾಲಾಗಿ ಕಿಟಕಿ, ಮಧ್ಯದಲ್ಲಿ ಬಾಗಿಲು, ಎಲ್ಲ ಸಿನಿಮಾದಲ್ಲಿ ಇದ್ದ ಹಾಗೇ. ಕೆವಿನ್ ಹಗ್ಗ ಹಿಡಿದು ಜಾರುತ್ತಾ ಹೋಗುವ ಮರದ ಮನೆಯನ್ನು ಮಾತ್ರ ಹುಡುಕಬೇಡಿ. ಅದನ್ನು ಶೂಟಿಂಗ್‌ಗೆಂದೇ ಕಟ್ಟಿ, ಮುಗಿದ ಮೇಲೆ ಕೆಡವಿದರು.

ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಮಂಕಿ ಕ್ಯಾಪ್ ಮೇಲೆ ಶಾಲು, ಶಾಲಿನ ಮೇಲೆ ನನ್ನ ಗಂಡನ ಹಳೇ ಜಾಕೆಟ್. ಫುಟ್‌ಪಾತಿಗೆ ಎರಚಿದ್ದ ಉಪ್ಪು ಬೂಟಿನಡಿ ಕರಕರ ಅನ್ನುತ್ತಿತ್ತು. ಮನೆಯನ್ನು ಮೇಲಿಂದ ಕೆಳಗೆ ನೋಡಿದರು. ‘ಅಷ್ಟು ಜನ ಇದ್ದೂ ಹೊರಡುವಾಗ ಒಬ್ಬರೂ ಮಕ್ಕಳನ್ನ ಎಣಿಸಲಿಲ್ವಾ?’ ಅಂದರು. ‘ಎಣಿಸಿದ್ರು ಅತ್ತೆ, ಎದುರುಮನೆ ಹುಡುಗನ್ನೂ ಸೇರಿಸಿ ಎಣಿಸಿದ್ರು’ ಅಂದೆ. ‘ಮದುವೆ ಬಸ್ಸಲ್ಲಿ ಹಾಗೇ ಆಗೋದು’ ಎಂದು ಕಾರು ಹತ್ತಿದರು. ಅವರ ದರ್ಶನ ಅಲ್ಲಿಗೆ ಮುಗಿಯಿತು. ಹತ್ತು ನಿಮಿಷಕ್ಕಿಂತ ಜಾಸ್ತಿ ಅಲ್ಲಿ ಯಾರಿಗೂ ಬೇಕಾಗುವುದಿಲ್ಲ. ಚಳಿಯೂ ಬಿಡುವುದಿಲ್ಲ.

ಒಳಗೆ ಹೋಗಲಾಗಲಿಲ್ಲ ಎಂದು ಹುಡುಗ ಮುಖ ಊದಿಸಿಕೊಂಡರೆ ಅವನಿಗೆ ಈ ಗುಟ್ಟು ಹೇಳಿ. ಕೆವಿನ್ ಓಡಾಡಿದ ‘ಒಳಗು’ ಬಹುಪಾಲು ಆ ಮನೆಯಲ್ಲಿ ಇರಲೇ ಇಲ್ಲ. ಹತ್ತಿರದಲ್ಲೇ ಮುಚ್ಚಿಹೋಗಿದ್ದ ನ್ಯೂ ಟ್ರಿಯರ್ ವೆಸ್ಟ್ ಹೈಸ್ಕೂಲಿನ ಜಿಮ್‌ನಲ್ಲಿ ಎರಡು ಮಹಡಿಯ ಸೆಟ್ ಹಾಕಿದ್ದರು. ನೀರು ತುಂಬಿದ ನೆಲಮಾಳಿಗೆಯ ದೃಶ್ಯ ತೆಗೆದದ್ದು ಅದೇ ಶಾಲೆಯ ಈಜುಕೊಳದಲ್ಲಿ. ಮೆಟ್ಟಿಲು ಮುಂತಾದ ಕೆಲವು ಭಾಗ ಮಾತ್ರ ನಿಜವಾದ ಮನೆಯದು. ಅದೂ ಈಗ ಸಿನಿಮಾದ ಥರ ಇಲ್ಲ. 2012ರಲ್ಲಿ 15.85 ಲಕ್ಷ ಡಾಲರಿಗೆ ಕೈ ಬದಲಾದ ಮನೆ, 2024ರಲ್ಲಿ 52.5 ಲಕ್ಷ ಡಾಲರಿಗೆ ಮಾರಾಟಕ್ಕೆ ಬಂತು. ನಮ್ಮ ಲೆಕ್ಕದಲ್ಲಿ ನಲವತ್ತು ಕೋಟಿಗೂ ಮೇಲೆ. ಆಗ ಬಂದ ಫೋಟೋ ನೋಡಿದರೆ ಒಳಗೆಲ್ಲ ಬಿಳಿ ಬಿಳಿ, ಕೆಳಗೆ ಬಾಸ್ಕೆಟ್‌ಬಾಲ್ ಆಡುವ ಜಾಗ, ಸಿನಿಮಾ ಹಾಲ್. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹಸಿರು-ಕೆಂಪು ಗೋಡೆಕಾಗದದ ಮನೆ ಅದಲ್ಲ.

ಹಾಂ, ಇನ್ನೊಂದು. ‘ಏರ್‌ಬಿಎನ್‌ಬಿಯಲ್ಲಿ ಬಾಡಿಗೆಗೆ ಸಿಗುತ್ತಂತೆ’ ಎಂದು ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ. 2021ರ ಡಿಸೆಂಬರಿನಲ್ಲಿ ಒಂದೇ ಒಂದು ರಾತ್ರಿಗೆ, 25 ಡಾಲರಿಗೆ ಕೊಟ್ಟಿದ್ದರು. ಅದು ಪ್ರಚಾರಕ್ಕೆ ಮಾಡಿದ್ದು, ಮುಗಿದ ಕಥೆ.

ಈಗ ನಿಮ್ಮ ಮಂಡಿ ವಿಷಯ. ಶಿಕಾಗೋದ ಓಗಿಲ್ವಿ ನಿಲ್ದಾಣದಿಂದ ಮೆಟ್ರಾ ರೈಲಿನ ಯೂನಿಯನ್ ಪೆಸಿಫಿಕ್ ನಾರ್ತ್ ಲೈನ್ ವಿನೆಟ್ಕಾಗೆ ಹೋಗುತ್ತದೆ. ನಿಲ್ದಾಣದಿಂದ ಮನೆ ನಡೆಯುವಷ್ಟೇ ದೂರ. ಆದರೆ ಆ ಊರಿನಲ್ಲಿ ಹಳಿ ರಸ್ತೆಗಿಂತ ಕೆಳಗಿದೆ, ಇಳಿದ ಮೇಲೆ ಹತ್ತಿ ಬರಬೇಕು. ಮಂಜು ಹೆಪ್ಪುಗಟ್ಟಿದ ಫುಟ್‌ಪಾತ್ ಜಾರುತ್ತದೆ. ನಿಮಗೆ ಕಾರೇ ವಾಸಿ. ಮಗನ ಒಂದು ಶನಿವಾರ ಸಾಕು. ನೇಪರ್‌ವಿಲ್‌ನಿಂದ ಹೊರಟು ಮೊದಲು ಓಕ್ ಪಾರ್ಕ್‌ನ ಗ್ರೇಸ್ ಎಪಿಸ್ಕೋಪಲ್ ಚರ್ಚ್ ನೋಡಿ. ಕೆವಿನ್ ಪಕ್ಕದ ಮನೆಯ ಮುದುಕನ ಜೊತೆ ಕೂತು ಮಾತಾಡುತ್ತಾನಲ್ಲ, ಮಕ್ಕಳು ಹಾಡುತ್ತಿರುತ್ತಾರಲ್ಲ, ಆ ದೃಶ್ಯದ ಒಳಭಾಗ ಅಲ್ಲಿಯದು. ಅದೇ ದೃಶ್ಯದಲ್ಲಿ ಹೊರಗಿನಿಂದ ಕಾಣುವ ಚರ್ಚ್ ಬೇರೆ ಊರಿನದು, ವಿಲ್ಮೆಟ್‌ನ ಟ್ರಿನಿಟಿ ಯುನೈಟೆಡ್ ಮೆಥಡಿಸ್ಟ್ ಚರ್ಚ್. ಅಂದರೆ ಹುಡುಗ ಒಂದು ಊರಲ್ಲಿ ಬಾಗಿಲು ದಾಟಿ ಇನ್ನೊಂದು ಊರಲ್ಲಿ ಬೆಂಚಿನ ಮೇಲೆ ಕೂರುತ್ತಾನೆ! ವಿಲ್ಮೆಟ್ ದಾಟಿ ಮುಂದೆ ಹೋದರೆ ವಿನೆಟ್ಕಾ. ಕಳ್ಳರಿಗೆ ಬಿದ್ದ ಏಟಿಗಿಂತ ನನಗೆ ಆ ಮುದುಕ ಮೊಮ್ಮಗಳ ವಿಷಯ ಹೇಳುವುದೇ ಇಷ್ಟ. ನಿಮಗೂ ಹಾಗೇ ಆದೀತು. ಚರ್ಚಿಗೆ ಹೋಗುವ ಮುಂಚೆ ತೆರೆದಿದೆಯಾ ಎಂದು ಒಂದು ಫೋನ್ ಮಾಡಿಸಿ. ಪ್ರಾರ್ಥನೆ ನಡೆಯುವಾಗ ಫೋಟೋ ತೆಗೆಯಬೇಡಿ.

ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮೂರೂವರೆಗೆ ವಿನೆಟ್ಕಾ ತಲುಪಿದರೆ ಬೆಳಕಲ್ಲಿ ಒಂದು ಫೋಟೋ, ದೀಪ ಹೊತ್ತಿದ ಮೇಲೆ ಒಂದು ಫೋಟೋ. ನಡುವೆ ಎಲ್ಮ್ ಸ್ಟ್ರೀಟ್ ಕಡೆ ಹೋಗಿ ಬಿಸಿ ಕುಡಿಯಿರಿ, ಬಾತ್‌ರೂಮ್ ಕೆಲಸವನ್ನೂ ಅಲ್ಲೇ ಮುಗಿಸಿಕೊಳ್ಳಿ. ಹಿಮ ಬಿದ್ದೇ ಇರುತ್ತದೆ ಎಂದು ಮಾತ್ರ ಮೊಮ್ಮಗನಿಗೆ ಮಾತು ಕೊಡಬೇಡಿ.

ಮತ್ತೆ, ಒ’ಹೇರ್ ಏರ್‌ಪೋರ್ಟಿನಲ್ಲಿ ಇಳಿದಾಗ ಸುತ್ತ ನೋಡಿ. ಆ ಕುಟುಂಬ ಎದ್ದೂಬಿದ್ದೂ ಓಡುವುದು ಅಲ್ಲೇ. ಸಿನಿಮಾದ ಪ್ಯಾರಿಸ್ ಏರ್‌ಪೋರ್ಟೂ ಅಲ್ಲೇ ತೆಗೆದದ್ದು.

ಪ್ರಶ್ನೆ: ನಾನು ಕ್ಲೀವ್‌ಲ್ಯಾಂಡಿನಲ್ಲಿ ಎಂ.ಎಸ್. ಓದುತ್ತಿದ್ದೇನೆ, ಊರು ದಾವಣಗೆರೆ. ಇಲ್ಲಿನ ಸ್ನೇಹಿತರು ‘ಎ ಕ್ರಿಸ್‌ಮಸ್ ಸ್ಟೋರಿ’ ಮನೆಗೆ ಹೋಗೋಣ ಎನ್ನುತ್ತಾರೆ. ಆ ಸಿನಿಮಾ ನಾನು ನೋಡಿಲ್ಲ. ದುಡ್ಡು ಕೊಟ್ಟು ಹೋಗುವಂಥದ್ದಾ?
– ವಿ., ಕ್ಲೀವ್‌ಲ್ಯಾಂಡ್

ಉತ್ತರ: ನನ್ನ ಮಗನ ವಯಸ್ಸು, ‘ನೀನು’ ಅಂತಲೇ ಬರೆಯುತ್ತೇನೆ. ಹೋಗಿ ಬಾ ತಮ್ಮಾ. ಆದರೆ ಸಿನಿಮಾ ನೋಡಿ ಹೋಗು. ನೋಡದೆ ಹೋದರೆ ನಿನಗೆ ಅದೊಂದು ಹಳದಿ ಬಣ್ಣದ ಮರದ ಮನೆ, ಕಿಟಕಿಯಲ್ಲಿ ಯಾಕೋ ಒಂದು ಕಾಲು, ಅಷ್ಟೇ.

1983ರ ಸಿನಿಮಾ. ರಾಲ್ಫಿ ಎಂಬ ಒಂಬತ್ತು ವರ್ಷದ ಹುಡುಗನಿಗೆ ಕ್ರಿಸ್‌ಮಸ್‌ಗೆ ಒಂದು ಏರ್‌ಗನ್ ಬೇಕು. ಅಮ್ಮ, ಟೀಚರ್, ಕೊನೆಗೆ ಅಂಗಡಿಯ ಸಾಂತಾ ತಾತನೂ ‘ಕಣ್ಣು ಕಳ್ಕೋತೀಯಾ’ ಎಂದೇ ಹೇಳುತ್ತಾರೆ. ಅಪ್ಪನಿಗೆ ಸ್ಪರ್ಧೆಯೊಂದರಲ್ಲಿ ಹೆಂಗಸಿನ ಕಾಲಿನ ಆಕಾರದ ದೀಪ ಬಹುಮಾನ ಬರುತ್ತದೆ. ಅದನ್ನು ಬೀದಿಗೆಲ್ಲ ಕಾಣುವಂತೆ ಕಿಟಕಿಯಲ್ಲಿಟ್ಟು ಹೆಮ್ಮೆಪಡುತ್ತಾನೆ, ಅಮ್ಮನಿಗೆ ಜೀವ ಹೋದ ಹಾಗಾಗುತ್ತದೆ. ಇಷ್ಟೇ ಕಥೆ. ಬಿಡುಗಡೆಯಾದಾಗ ದೊಡ್ಡ ಹಿಟ್ ಏನೂ ಅಲ್ಲ. ಟಿವಿಯಲ್ಲಿ ಬಂದು ಬಂದು ಜನಕ್ಕೆ ಹತ್ತಿರವಾಯಿತು. 1997ರಿಂದ ಅಲ್ಲಿನ ಚಾನೆಲ್ ಒಂದು ಕ್ರಿಸ್‌ಮಸ್ ಹೊತ್ತಿಗೆ ಇದನ್ನು 24 ಗಂಟೆ ಮತ್ತೆ ಮತ್ತೆ ತೋರಿಸಲು ಶುರು ಮಾಡಿತು.

ಮನೆ ಇರುವುದು ನಿನ್ನ ಊರಿನ ಟ್ರೆಮಾಂಟ್‌ನಲ್ಲಿ, ವೆಸ್ಟ್ 11ನೇ ಬೀದಿಯಲ್ಲಿ. ಇಲ್ಲಿ ಬಾಗಿಲು ತಟ್ಟುವುದೇ ಬೇಡ, ಟಿಕೆಟ್ ತಗೊಂಡು ಒಳಗೇ ಹೋಗಬಹುದು. ಸೋಫಾ ಮೇಲೆ ಕೂರಬಹುದು. ತಮ್ಮ ರಾಂಡಿ ಬಚ್ಚಿಟ್ಟುಕೊಳ್ಳುವ ಅಡುಗೆಮನೆ ಸಿಂಕಿನ ಕೆಳಗಿನ ಬೀರುವಿನಲ್ಲಿ ಮಕ್ಕಳು ಸಾಲಾಗಿ ನುಗ್ಗುತ್ತಾರೆ. ಫೋಟೋಗೆಂದು ಅದರೊಳಗೆ ಹೊಕ್ಕು ಸೊಂಟ ಹಿಡಿಸಿಕೊಂಡ ದೊಡ್ಡವರೂ ಇದ್ದಾರೆ. ಹೆಸರು ಬೇಡ, ನಮ್ಮ ಮನೆಯವರೇ.

ಈ ಮನೆಗೆ ಬಂದ ಭಾಗ್ಯದ ಕಥೆ ಸಿನಿಮಾಗಿಂತ ಚೆಂದ. ಬ್ರಯಾನ್ ಜೋನ್ಸ್ ಎಂಬಾತನಿಗೆ ನೌಕಾಪಡೆಯ ಪೈಲಟ್ ಆಗುವ ಆಸೆ. ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ. ಮಗ ಸಪ್ಪಗಾದನಲ್ಲ ಎಂದು ಅಪ್ಪ-ಅಮ್ಮ ಸಿನಿಮಾದ ಆ ಕಾಲಿನ ದೀಪವನ್ನೇ ಮಾಡಿ ಕಳಿಸಿದರು. ಆತ ಮುಂದೆ ಅಂಥ ದೀಪಗಳನ್ನೇ ಮಾಡಿ ಮಾರತೊಡಗಿದ. 2004ರಲ್ಲಿ ಈ ಮನೆ ಈಬೇಯಲ್ಲಿ ಮಾರಾಟಕ್ಕಿರುವುದು ಗೊತ್ತಾಗಿ 1,50,000 ಡಾಲರಿಗೆ ಕೊಂಡುಕೊಂಡ. ಆಮೇಲೆ ಸಿನಿಮಾವನ್ನು ಫ್ರೇಮ್ ಫ್ರೇಮ್ ಆಗಿ ನೋಡಿ, ನಕ್ಷೆ ಬರೆದು, ರಿಪೇರಿಗೆ ಕೊಂಡ ಬೆಲೆಗಿಂತ ಜಾಸ್ತಿ ಸುರಿದು, 2006ರ ನವೆಂಬರಿನಲ್ಲಿ ಜನಕ್ಕೆ ತೆರೆದ. ಮಜಾ ಇರುವುದು ಇಲ್ಲಿ. ಚಿತ್ರದ ಹೊರಭಾಗ ಮಾತ್ರ ಈ ಬೀದಿಯದು. ಒಳಗಿನ ದೃಶ್ಯ ಬಹುತೇಕ ಕೆನಡಾದ ಟೊರಾಂಟೋದಲ್ಲಿ ಸೆಟ್ ಹಾಕಿ ತೆಗೆದದ್ದು. ಅಂದರೆ ಇನ್ನೊಂದು ದೇಶದ ಸೆಟ್ ನೋಡಿಕೊಂಡು ನಿಜವಾದ ಮನೆಯನ್ನು ತಿದ್ದಿದ್ದಾರೆ! ನಕಲು ಅಂತೀಯಾ, ಅಸಲು ಅಂತೀಯಾ, ನಿನಗೆ ಬಿಟ್ಟದ್ದು. ನನಗಂತೂ ಒಳಗೆ ಕೂತಾಗ ಲೆಕ್ಕ ಕೇಳಬೇಕು ಅನ್ನಿಸಲಿಲ್ಲ.

ಟಿಕೆಟ್‌ನಲ್ಲಿ ರಸ್ತೆಯಾಚೆಯ ಮ್ಯೂಸಿಯಂ ಕೂಡ ನೋಡು, ನಟರ ಬಟ್ಟೆ, ಆಟಿಕೆ ಎಲ್ಲ ಇದೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲೆ ಶನಿವಾರ-ಭಾನುವಾರ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ನೀನು ಅಲ್ಲೇ ಇರುವವನು, ವಾರದ ಮಧ್ಯೆ ಕ್ಲಾಸ್ ಇಲ್ಲದ ದಿನ ಹೋಗು. ಹೊರಗೆ ಬಂದು ಬೀದಿಯ ತುದಿಗೆ ನಡೆದರೆ ಕಣಿವೆಯಲ್ಲಿ ಉಕ್ಕಿನ ಕಾರ್ಖಾನೆ ಕಾಣುತ್ತದೆ. ಸಿನಿಮಾಕ್ಕೆ ಈ ಜಾಗ ಯಾಕೆ ಹೊಂದಿತು ಎಂದು ಅದನ್ನು ನೋಡಿದರೆ ಗೊತ್ತಾಗುತ್ತದೆ. ರಾಲ್ಫಿ ಸಾಂತಾ ತಾತನನ್ನು ನೋಡುವ ಹಿಗ್ಬೀಸ್ ಅಂಗಡಿಯ ಕಟ್ಟಡವೂ ಪಬ್ಲಿಕ್ ಸ್ಕ್ವೇರ್‌ನಲ್ಲಿ ಹಾಗೇ ಇದೆ. ಈಗ ಅದರಲ್ಲಿ ಕ್ಯಾಸಿನೋ. ಹೊರಗಿಂದ ನೋಡಿ ಬಾ, ಒಳಗೆ ಹೋಗಿ ಫೀಸಿನ ದುಡ್ಡು ಕಳೀಬೇಡ.

ಪ್ರಶ್ನೆ: ಸಿನಿಮಾದಲ್ಲಿ ಯಾರೋ ಇದ್ದ ಮನೆ ನೋಡೋಕೆ ಅಷ್ಟು ದೂರ ಹೋಗುವುದು ಹುಚ್ಚಲ್ವಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ತೀರ್ಥಹಳ್ಳಿಯಲ್ಲಿ ಕೂತು ಇದನ್ನು ಕೇಳುತ್ತೀರಾ! ಆಗುಂಬೆಯ ದೊಡ್ಡಮನೆ ಮುಂದೆ ‘ಮಾಲ್ಗುಡಿ ಡೇಸ್’ ಸ್ವಾಮಿಯನ್ನು ನೆನೆದುಕೊಂಡು ನಿಲ್ಲುವ ಜನರನ್ನು ನೀವು ನೋಡಿಲ್ವಾ? ಅವರಿಗೆ ಹುಚ್ಚಿದ್ದರೆ ಇವರಿಗೂ ಇದೆ.

ಪ್ರಶ್ನೆ: ‘ಹೋಮ್ ಅಲೋನ್’ನಲ್ಲಿ ಕೆವಿನ್ ಟಿವಿಯಲ್ಲಿ ನೋಡುವ ಕಪ್ಪು-ಬಿಳುಪಿನ ಗ್ಯಾಂಗ್‌ಸ್ಟರ್ ಸಿನಿಮಾ ಎಲ್ಲಿ ಸಿಗುತ್ತದೆ?
– ಆರ್., ಹುಬ್ಬಳ್ಳಿ

ಉತ್ತರ: ಎಲ್ಲೂ ಸಿಗುವುದಿಲ್ಲ. ಅಂಥ ಸಿನಿಮಾ ಇಲ್ಲವೇ ಇಲ್ಲ. ಆ ತುಣುಕನ್ನು ಇದಕ್ಕೆಂದೇ ಹೊಸದಾಗಿ ಚಿತ್ರಿಸಿದ್ದು. ಹುಡುಕಿ ಸುಸ್ತಾದವರಲ್ಲಿ ನೀವೇ ಮೊದಲಿಗರಲ್ಲ.

ಪ್ರಶ್ನೆ: ಕ್ಲೀವ್‌ಲ್ಯಾಂಡಿನ ಮನೆಯ ಗಿಫ್ಟ್ ಅಂಗಡಿಯಿಂದ ತಂಗಿ ಕಾಲಿನ ದೀಪ ತರುತ್ತೇನೆ ಎನ್ನುತ್ತಿದ್ದಾಳೆ. ಬೆಂಗಳೂರಿನಲ್ಲಿ ಉರಿಯುತ್ತದಾ? ಅವಳ ಮಗ ಏರ್‌ಗನ್ನೂ ಬೇಕು ಎನ್ನುತ್ತಿದ್ದಾನೆ.
– ಎಂ., ಜಯನಗರ

ಉತ್ತರ: ಏರ್‌ಗನ್ ಬೇಡವೇ ಬೇಡ. ಆಟಿಕೆ ಥರ ಕಾಣುವುದಾದರೂ ಸೂಟ್‌ಕೇಸಿನಲ್ಲಿ ಹಾಕಬೇಡಿ. ಏರ್‌ಪೋರ್ಟಿನಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಹುಡುಗನಿಗೆ ರಾಲ್ಫಿ ಮನೆಯ ಟೀ ಶರ್ಟ್ ಸಾಕು.

ದೀಪ ತರಬಹುದು. ಆದರೆ ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಅಲ್ಲಿಯ ಬಲ್ಬನ್ನೇ ಇಲ್ಲಿ ಹಾಕಿದರೆ ಢಮ್ ಅನ್ನುತ್ತದೆ. ಪ್ಲಗ್ ಅಡಾಪ್ಟರ್ ಹಾಕಿದರೆ ಪಿನ್ ಕೂರುತ್ತದೆಯೇ ಹೊರತು ವೋಲ್ಟ್ ಕಮ್ಮಿಯಾಗುವುದಿಲ್ಲ. ನಿಮ್ಮ ಏರಿಯಾದ ಎಲೆಕ್ಟ್ರಿಷಿಯನ್‌ಗೆ ಕೊಟ್ಟು ವೈರು, ಪ್ಲಗ್ಗು, ಹೋಲ್ಡರ್ ಮೂರೂ ಬದಲಾಯಿಸಿಕೊಂಡು ಇಲ್ಲಿಯ ಎಲ್‌ಇಡಿ ಬಲ್ಬ್ ಹಾಕಿ. ಕಾಲಿನ ಒಳಗೆ ಶಾಖ ಜಾಸ್ತಿ ಆಗಬಾರದು, ಅದಕ್ಕೇ ಎಲ್‌ಇಡಿ. ಲ್ಯಾಂಪ್ ಶೇಡ್ ಬೇರೆ ಮಾಡಿ ಕೈಚೀಲದಲ್ಲಿ ತರಲು ಹೇಳಿ, ಕಾಲಿಗೆ ಸೀರೆ ಸುತ್ತಿ ಸೂಟ್‌ಕೇಸಿನ ಮಧ್ಯದಲ್ಲಿಡಲಿ. ಅಂದಹಾಗೆ, ಮನೆಯಲ್ಲಿ ಅತ್ತೆ-ಮಾವ ಇದ್ದರೆ ಹಾಲ್ ಕಿಟಕಿಗಿಂತ ನಿಮ್ಮ ರೂಮೇ ವಾಸಿ.