ಪೋಕರ್: ಜೂಜೋ, ಕೌಶಲದ ಆಟವೋ?

ಹೊಸಬನೊಬ್ಬ ಒಂದೇ ರಾತ್ರಿಯಲ್ಲಿ ನುರಿತವರನ್ನು ಸೋಲಿಸಬಲ್ಲನಾದರೆ ಪೋಕರ್ ಎಂಬ ಇಸ್ಪೀಟ್ ಆಟ ಬರಿಯ ಜೂಜಲ್ಲವೇ ಎಂದು ತಾವು ಕೇಳಿದ್ದೀರಿ. ಒಂದು ರಾತ್ರಿಯ ಮಟ್ಟಿಗೆ ತಮ್ಮ ಮಾತು ಸರಿ. ಕೈಯಲ್ಲಿನ ಎರಡು ಎಲೆಗಳನ್ನು ಮೇಜಿನ ಮೇಲಿನ ಎಲ್ಲರ ಪಾಲಿನ ಎಲೆಗಳೊಡನೆ ಕೂಡಿಸಿ ಆಡುವ ಹೋಲ್ಡೆಮ್ ಎಂಬ ಬಗೆಯ ಪೋಕರ್ ಆಟದಲ್ಲಿ ಎರಡು ಎಕ್ಕಗಳನ್ನು ಹಿಡಿದವನೂ ಒಬ್ಬನೇ ಎದುರಾಳಿಯ ಯಾವುದೋ ಎರಡು ಎಲೆಗಳ ಮುಂದೆ ನೂರಕ್ಕೆ ಸುಮಾರು 15 ಸಲ ಸೋಲುತ್ತಾನೆ. ಆದರೆ ಬರುವ ಎಲೆ ಅದೃಷ್ಟದ್ದಾದರೂ, ಎಷ್ಟು ಪಣ ಒಡ್ಡಬೇಕು, ಯಾವಾಗ ಎಲೆ ಕೆಳಗಿಡಬೇಕು ಎಂಬ ನಿರ್ಧಾರಗಳು ಆಟಗಾರನವೇ ಆಗಿದ್ದು, ಎದುರಾಳಿ ಹಿಂದೆ ಸರಿದರೆ ಎಲೆ ತೋರಿಸದೆಯೂ ಗೆಲ್ಲಬಹುದು. ತಿರುಗುವ ಚಕ್ರದಲ್ಲಿ ಚೆಂಡು ಎಲ್ಲಿ ನಿಲ್ಲುವುದೆಂದು ಪಣ ಕಟ್ಟುವ ರೂಲೆಟ್‌ನಲ್ಲಿ ಇಂಥ ಅವಕಾಶವೇ ಇಲ್ಲ. 2017ರಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ವಿರುದ್ಧ 1,20,000 ಸುತ್ತುಗಳನ್ನಾಡಿ ಸ್ಪಷ್ಟವಾಗಿ ಗೆದ್ದದ್ದು ಕೌಶಲಕ್ಕೆ ಬಲವಾದ ಸಾಕ್ಷಿ. ಆದರೂ ಹಣ ಕಟ್ಟಿ ಆಡುವವನಿಗೆ ಅದು ಜೂಜೂ ಹೌದೆಂದೇ ನನ್ನ ಅಭಿಪ್ರಾಯ. ಏಕೆಂದರೆ ಕೌಶಲ ಫಲ ಕೊಡುವಷ್ಟು ಸುತ್ತುಗಳು ಮುಗಿಯುವ ಮೊದಲೇ ಅವನ ಹಣ ಕರಗಿಹೋಗಬಹುದು.