ಮುಂಬಯಿ ಪಾಲಿಕೆ ಕಟ್ಟಡವೂ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಿಂದಿನ ಸಿಎಸ್‌ಟಿ) ಸ್ಟೇಷನ್ನೂ ಒಬ್ಬರೇ ಕಟ್ಟಿಸಿದ್ದಾ?

ಎರಡನ್ನೂ ಕಟ್ಟಿಸಿದವರು ಬೇರೆ. ಸ್ಟೇಷನ್ ರೈಲ್ವೆ ಕಂಪನಿಯದು, ಎದುರಿನ ಕಟ್ಟಡ ನಗರಸಭೆಯದು. ಆದರೆ ನಕ್ಷೆ ಬರೆದವರು ಒಬ್ಬರೇ, ಎಫ್. ಡಬ್ಲ್ಯೂ. ಸ್ಟೀವನ್ಸ್. ಅದಕ್ಕೇ ಎರಡೂ ಒಡಹುಟ್ಟಿದವರ ಹಾಗೆ ಕಾಣುತ್ತವೆ.

ಪಾಲಿಕೆ ಕಟ್ಟಡಕ್ಕೆ 1884ರಲ್ಲಿ ವೈಸ್‌ರಾಯ್ ಲಾರ್ಡ್ ರಿಪನ್ ಅಡಿಗಲ್ಲು ಹಾಕಿದರು. ಸ್ಥಳೀಯ ಆಡಳಿತ ಊರಿನವರ ಕೈಗೆ ಬರಬೇಕು ಅಂತ 1882ರಲ್ಲಿ ನಿರ್ಣಯ ಹೊರಡಿಸಿದ್ದೂ ಅವರೇ. ಹಾಗಾಗಿ ಅವರ ಕೈಯಿಂದಲೇ ಅಡಿಗಲ್ಲು ಬಿದ್ದದ್ದು ತುಂಬಾ ಸರಿಯಾಯಿತು ಅನ್ನಿಸುತ್ತದೆ. ಕೆಲಸ ಮಾತ್ರ ನಿಧಾನವಾಗಿ, 1893ಕ್ಕೆ ಮುಗಿಯಿತು.

ಅಲ್ಲಿಗೆ ಹೋದರೆ ಸುಮ್ನೆ ದಾಟಿ ಹೋಗಬೇಡಿ. ತಲೆಯೆತ್ತಿ ನೋಡಿ, ಮುಂಭಾಗದ ಮೇಲ್ತುದಿಯಲ್ಲಿ ರೆಕ್ಕೆಯಿರುವ ಹೆಣ್ಣಿನ ಕಲ್ಲಿನ ಮೂರ್ತಿ ಇದೆ. ಅದು ಮುಂಬಯಿ ನಗರದ್ದೇ ರೂಪ. ಕೆಳಗೆ ಎದುರಿಗೇ ನಿಂತಿರುವ ಪ್ರತಿಮೆ ಫಿರೋಜ್‌ಷಾ ಮೆಹ್ತಾ ಅವರದು. 1888ರ ಪಾಲಿಕೆ ಕಾಯ್ದೆ ರೂಪಿಸುವುದರಲ್ಲಿ ಅವರ ಪಾಲು ಜಾಸ್ತಿ.